ಸಿರಿಲನ ಬಿಕ್ಕಳಿಸದ ಎಂಜಿನ್

ಸ್ಕೆಲ್‌ಬಿ ಎಂಬ ಊರಿನ ಚರ್ಚ್ ಹಾಲಿನಲ್ಲಿ ಆ ಶನಿವಾರ ಬೆಳಿಗ್ಗೆ ಸಿರಿಲ್ ಒರ್ಮರಾಡನ ಪುಟ್ಟ ಎಂಜಿನ್ ಒಂದೇ ಒಂದು ಸಲ ಬಿಕ್ಕಳಿಸಿತು. ಹೊರಡುವಾಗ ಸಣ್ಣದೊಂದು ಎಗರು, ಆಮೇಲೆ ನೆಟ್ಟಗೆ ಓಡಿತು. ಬೇರೆಲ್ಲಾದರೂ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದು ಮಾದರಿ ರೈಲು ಕ್ಲಬ್ಬು, ಅದೂ ವಾರ್ಷಿಕ ಪ್ರದರ್ಶನದ ದಿನ. ಪಕ್ಕದವನ ಎಂಜಿನ್ ಬಿಕ್ಕಳಿಸಿತೆಂದರೆ ಇಲ್ಲಿನವರಿಗೆ ಹಬ್ಬ.

"ಏನಯ್ಯಾ ಸಿರಿಲ್, ನಿನ್ನ ಎಂಜಿನ್‌ಗೆ ಅಜೀರ್ಣವಾ?" ಎಂದ ಸಗ್ಡನ್. ಬಾಯಲ್ಲಿ ಬೇಕನ್ ರೋಲ್ ಇದ್ದರೂ ಅವನಿಗೆ ಮಾತಾಡಲು ಜಾಗ ಸಿಗುತ್ತದೆ. ಬಸ್ ಡಿಪೋದಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ತಪಾಸಣೆ ಮಾತ್ರ ಇನ್ನೂ ನಿಂತಿಲ್ಲ.

"ಮನೇಲಿ ಬೆಣ್ಣೆ ಥರ ಓಡ್ತಿತ್ತು," ಎಂದ ಸಿರಿಲ್.

"ಎಲ್ಲಾರದ್ದೂ ಮನೇಲಿ ಬೆಣ್ಣೆ ಥರಾನೇ ಓಡತ್ತೆ ಬಿಡು."

ಕ್ಲಬ್ಬಿಗೆ ಸೇರಿದಾಗಿನಿಂದ ಸಿರಿಲನ ಪಾಲಿಗೆ ಬಂದಿರುವುದು ಚಹಾದ ಕೆಲಸ. ಪ್ರದರ್ಶನದಲ್ಲಿ ನಯವಾದ ಓಟಕ್ಕೆ ಬಹುಮಾನ ಗೆದ್ದವರಿಗೆ ಮಾತ್ರ ಮುಂದಿನ ವರ್ಷವಿಡೀ ದೊಡ್ಡ ಮೇಜಿನ ಮೇಲೆ ರೈಲು ನಡೆಸುವ ಪಾಳಿ ಸಿಗುವುದು ಇಲ್ಲಿನ ಪದ್ಧತಿ. ಉಳಿದವರು ಕಪ್ಪು ತೊಳೆಯಬೇಕು. ಇಡೀ ಚಳಿಗಾಲ ಅವನು ಎಂಜಿನ್ನಿನ ಹೊಟ್ಟೆಯಲ್ಲಿ ಕೂತಿರುವ ಉಗುರಗಲದ ಎಲೆಕ್ಟ್ರಾನಿಕ್ ಚಿಪ್ಪಿನ ಜೊತೆ, ಅಂದರೆ ಡಿಕೋಡರಿನ ಜೊತೆ, ಗುದ್ದಾಡಿದ್ದ. ಹೊರಡುವಾಗ ಮೋಟರಿಗೆ ಎಷ್ಟು ಕರೆಂಟು, ವೇಗ ಏರುವುದು ಎಷ್ಟು ನಿಧಾನ, ಎಲ್ಲವನ್ನೂ ಆ ಚಿಪ್ಪಿಗೆ ಅಂಕಿಗಳಲ್ಲೇ ಹೇಳಿಕೊಡಬೇಕು. ಅಷ್ಟು ಮಾತು ಅವನು ತನ್ನ ಜೊತೆ ಆಡಿದ್ದರೆ ಹೆಂಡತಿ ಸಂತೋಷಪಡುತ್ತಿದ್ದಳು.

"ಬಾ ಇಲ್ಲಿ, ನಾನು ಸರಿ ಮಾಡ್ತೀನಿ," ಎಂದು ಸಗ್ಡನ್ ರೋಲಿನ ಎಣ್ಣೆಕೈಯಲ್ಲೇ ಸಿರಿಲನ ನಿಯಂತ್ರಕ ಕಿತ್ತುಕೊಂಡ. "ಮೊದಲು ಚಿಪ್ ಪೂರ್ತಿ ಅಳಿಸಿ, ಹೊಸದಾಗಿ ಶುರು ಮಾಡಬೇಕು."

"ಬೇಡ ಕಣೋ! ನನ್ನ ಅಂಕಿಗಳೆಲ್ಲ ಹೋಗ್ತವೆ!"

ಗುಂಡಿ ಒತ್ತಿಯಾಗಿತ್ತು. ಇಂಥ ಕೆಲಸಕ್ಕೆ ಎಂಜಿನ್ನನ್ನು ಮೇಜಿನ ಹಳಿಗಳಿಗೆ ಸೇರದ ಬೇರೊಂದು ತುಂಡು ಹಳಿಯ ಮೇಲೆ ಇಡಬೇಕು. ಸಗ್ಡನ್ ಇಡಲಿಲ್ಲ. ಅಪ್ಪಣೆ ಮೇಜಿನ ಹಳಿಗಳಿಗೆಲ್ಲ ಹರಿಯಿತು. ಮೇಲಿದ್ದ ಅಷ್ಟೂ ಎಂಜಿನ್ನುಗಳು ನಿಯಂತ್ರಕ ಕರೆಯುವ ತಮ್ಮ ತಮ್ಮ ನಂಬರು ಮರೆತು, ಕಾರ್ಖಾನೆಯಿಂದ ಬಂದಾಗಿನ ಒಂದೇ ನಂಬರಿಗೆ ಮರಳಿದವು.

ಇದೊಂದೂ ತಿಳಿಯದ ಸಿರಿಲ್ ಅಳುಮುಖದಲ್ಲೇ ನಿಯಂತ್ರಕ ವಾಪಸು ಕಿತ್ತುಕೊಂಡು ಅದರ ವೇಗದ ಗುಬಟು ತಿರುಗಿಸಿದ. ಅವನ ಎಂಜಿನ್ ಹೊರಟಿತು. ಅದರ ಹಿಂದೆ ಕಲ್ಲಿದ್ದಲ ಗಾಡಿ ಹೊರಟಿತು. ಎದುರಿನಿಂದ ಹಾಲಿನ ಗಾಡಿ ಬಂತು. ಸಗ್ಡನ್‌ನ ಹಸಿರು ಎಕ್ಸ್‌ಪ್ರೆಸ್ ಹಿಮ್ಮುಖವಾಗಿ ಸುರಂಗಕ್ಕೆ ನುಗ್ಗಿ ಗುಡ್ಡವನ್ನೇ ಹೊತ್ತುಕೊಂಡು ಹೊರಬಂತು. ಗುಡ್ಡದ ಮೇಲಿದ್ದ ಕುರಿಗಳು ಚೆಲ್ಲಾಪಿಲ್ಲಿಯಾದವು.

"ನಿಲ್ಸೋ! ನನ್ನ ಕುರಿ!" ಎಂದು ಅಡುಗೆಮನೆಯಿಂದ ಓಡಿಬಂದಳು ಹೇಜೆಲ್. ಅವಳು ಕ್ಲಬ್ಬಿನ ಕಾರ್ಯದರ್ಶಿ. ಆ ಗುಡ್ಡ ಕಟ್ಟಿದವಳೂ ಅವಳೇ. "ಯಾರ ಕೈಯಲ್ಲಿತ್ತು ಗುಬಟು?"

ಗುಬಟು ಸಿರಿಲನ ಕೈಯಲ್ಲಿತ್ತು. ಸಗ್ಡನ್ ಆಗಲೇ ದೂರ ನಿಂತು ಸೂರು ನೋಡುತ್ತಿದ್ದ.

ಬಯ್ಗುಳ ತಿಂದು, ಕುರಿ ಹೆಕ್ಕಿ, ಎಲ್ಲರ ಎಂಜಿನ್ನುಗಳಿಗೂ ಮತ್ತೆ ನಂಬರು ಕೊಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಿರಿಲ್ ಊಟ ಬಿಟ್ಟು ತನ್ನ ಎಂಜಿನ್ನಿಗೆ ಮೊದಲಿಂದ ಪಾಠ ಹೇಳಿದ. ಈ ಸಲ ಎಗರಬಾರದೆಂದು ವೇಗ ಏರುವುದನ್ನು ಇನ್ನಷ್ಟು ನಿಧಾನ ಮಾಡಿದ. ಆಮೇಲೆ ಚಹಾದ ಹಂಡೆ ಉಕ್ಕಿತೆಂದು ಯಾರೋ ಕೂಗಿದ್ದಕ್ಕೆ ಓಡಿದ. ಆ ಹೊತ್ತಿಗೆ, ಬಯ್ದದ್ದು ಜಾಸ್ತಿಯಾಯಿತೆಂದು ಮರುಗಿದ ಹೇಜೆಲ್ ಬಂದು ಸಿರಿಲನ ಎಂಜಿನ್ನನ್ನು ಮತ್ತೊಂದಿಷ್ಟು ನಿಧಾನ ಮಾಡಿ ಹೋದಳು. ಅವಳು ಅತ್ತ ಹೋದ ಮೇಲೆ ಸಗ್ಡನ್ ಬಂದ. ಅವನಿಗೂ ಒಂದು ಮನಸ್ಸಾಕ್ಷಿ ಎಂಬುದಿತ್ತು, ದುರದೃಷ್ಟ. ಅವನೂ ಒಂದಿಷ್ಟು ನಿಧಾನ ಮಾಡಿದ. ಯಾರೂ ಸಿರಿಲನಿಗೆ ಹೇಳಲಿಲ್ಲ.

ಮೂರು ಗಂಟೆಗೆ ತೀರ್ಪುಗಾರ ಪೆನ್‌ಹೇಲ್ ಬಂದರು. ಓಡುವ ಮಾದರಿ, ಓಡದ ಮಾದರಿ, ಎರಡೂ ಒಂದೇ ಮೇಜಿನ ಹಳಿಗಳ ಮೇಲಿರುತ್ತವೆ. ಯಾವುದು ಯಾರದೆಂದು ಅವರು ಕೇಳುವುದಿಲ್ಲ. ನೋಡುವುದೇ ಕೆಲಸ. ಅವರು ನೋಡುವಾಗ ಮಾಲೀಕ ತುಟಿ ಬಿಚ್ಚಿದರೆ ಸ್ಪರ್ಧೆಯಿಂದ ಹೊರಗೆ.

ಪೆನ್‌ಹೇಲ್ ಸಿರಿಲನ ಎಂಜಿನ್ನಿನ ಎದುರಿಗೆ ಬಂದು ಬಾಗಿದರು. ಸಿರಿಲ್ ಬೆವರುವ ಬೆರಳಲ್ಲಿ ಗುಬಟು ತಿರುಗಿಸಿದ.

ಎಂಜಿನ್ ಹೊರಟಿತು. ಆಹಾ, ಎಂಥ ಹೊರಡುವಿಕೆ! ಎಗರಿಲ್ಲ, ಬಿಕ್ಕಳಿಕೆಯಿಲ್ಲ, ಸದ್ದಿಲ್ಲ. ಚಕ್ರದ ಕಡ್ಡಿ ಕೂದಲೆಳೆಯಷ್ಟು ತಿರುಗಿದ್ದು ಸಿರಿಲನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು. ಖುಷಿಗೆ ಕೂಗಿಬಿಡದಂತೆ ಅವನು ತುಟಿ ಕಚ್ಚಿಕೊಂಡ.

ಪೆನ್‌ಹೇಲ್ ನೋಡುತ್ತಲೇ ಇದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎಂಜಿನ್ ಹಳಿಯಡಿಯ ಒಂದು ಹಲಗೆಯಷ್ಟು ದಾರಿಯನ್ನೂ ಇನ್ನೂ ದಾಟಿರಲಿಲ್ಲ. ಸಿರಿಲ್ ಗುಬಟನ್ನು ಕೊನೆಯವರೆಗೂ ತಿರುಗಿಸಿದ. ಚಿಪ್ಪಿಗೆ ಅವಸರವೇ ಇರಲಿಲ್ಲ. ಅವನು ಕೆಮ್ಮಿದ, ಹುಬ್ಬು ಹಾರಿಸಿದ, ಕಣ್ಣಲ್ಲೇ ಎಂಜಿನ್ನನ್ನು ತಳ್ಳಿದ. ಪೆನ್‌ಹೇಲ್ ತಲೆದೂಗಿ, "ಉಂ, ಸೊಗಸು," ಎಂದು ಮೇಜಿನ ಆಚೆ ಬದಿಗೆ ಹೋದರು. ಅವರ ಬೆನ್ನು ತಿರುಗಿದ ಮೇಲೆ ಎಂಜಿನ್ ಮೆಲ್ಲಗೆ ವೇಗ ಹಿಡಿದು, ಮದುವಣಗಿತ್ತಿಯ ಹಾಗೆ ನಿಲ್ದಾಣಕ್ಕೆ ಬಂದು ನಿಂತಿತು. ನೋಡಿದವನು ಸಿರಿಲ್ ಒಬ್ಬನೇ.

ಸಂಜೆ ಫಲಿತಾಂಶ ಹೇಳಿದರು. ನಯವಾದ ಓಟಕ್ಕೆ ಬಹುಮಾನ ಸಗ್ಡನ್‌ಗೆ.

"ಇನ್ನು ಓಡದ ಮಾದರಿಗಳಲ್ಲಿ," ಎಂದರು ಪೆನ್‌ಹೇಲ್, "ಮೊದಲ ಬಹುಮಾನ ಶ್ರೀ ಒರ್ಮರಾಡ್ ಅವರಿಗೆ! ಪದ್ಧತಿಯಂತೆ ಆ ಎಂಜಿನ್ನನ್ನು ಮುಂದಿನ ಪ್ರದರ್ಶನದವರೆಗೂ ಊರಿನ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಡ್ತೀವಿ."

ಚಪ್ಪಾಳೆ ಸುರಿಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಹೇಜೆಲ್ ಮತ್ತು ಸಗ್ಡನ್. ಸಿರಿಲ್ ಜನರನ್ನು ಸೀಳಿಕೊಂಡು ಮುಂದೆ ಬಂದು, ಇಡೀ ದಿನದ ಸಿಟ್ಟನ್ನೆಲ್ಲ ಗಂಟಲಿಗೆ ತಂದು ಅರಚಿದ: "ಸಾರ್! ಅದು ಓಡ್ತಾ ಇತ್ತು!"

ಪೆನ್‌ಹೇಲ್ ಅವನ ಹೆಗಲ ಮೇಲೆ ಕೈಯಿಟ್ಟು ಮಮತೆಯಿಂದ ನಕ್ಕರು.

"ಗೊತ್ತು ಗೊತ್ತು. ಪ್ರೀತಿಯಿಂದ ಮಾಡಿದೋರ ಕಣ್ಣಿಗೆ ಹಾಗೇ ಕಾಣತ್ತೆ. ಬೇಜಾರು ಮಾಡ್ಕೊಳಲ್ಲ ಅಂದ್ರೆ ಒಂದು ಮಾತು ಹೇಳ್ಲಾ? ಇಷ್ಟು ಚೆನ್ನಾಗಿ ಮಾಡಿದೀರಿ. ಮುಂದಿನ ವರ್ಷ ಅದಕ್ಕೊಂದು ಮೋಟರ್ ಹಾಕ್ಸಿ."