ಹನ್ನೆರಡು ರೂಪಾಯಿಯ ಅಂಗಡಿ

ಬುದ್ಧಿಮಾತು ಕೇಳಿ ಉದ್ಧಾರವಾದವರು ಇರಬಹುದು; ನಾನು ಕೇಳಿದಾಗಲೆಲ್ಲ ನಗೆಪಾಟಲಾಗಿದ್ದೇನೆ. ಕಡೂರಿನ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತನಾಗಿದ್ದಾಗ ನನ್ನ ಸಂಬಳ ಹನ್ನೆರಡು ರೂಪಾಯಿ. ಅದು ಹದಿನೈದಾಗುವ ತನಕ ಬರುವುದಿಲ್ಲವೆಂದು ಹೆಂಡತಿ ತನ್ನ ತವರೂರು ಶಿವನಿಯಲ್ಲಿ ಕೂತಿದ್ದಳು. ಅವಳಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ನನ್ನ ಅಡುಗೆಯಂತೂ ನನಗೇ ಸೇರುತ್ತಿರಲಿಲ್ಲ.

೧. ಮಾದರಿ

ತರೀಕೆರೆಯ ನಿವೃತ್ತ ಮೇಷ್ಟರೊಬ್ಬರು ಉಪದೇಶ ಮಾಡಿದರು: “ಸಂಬಳ ಬೇಡ್ಬಾರ್ದು ಕಣೋ. ನೀನೇ ಒಂದು ಅಂಗಡಿ, ನಿನ್ನ ಕೆಲ್ಸವೇ ಮಾಲು. ವ್ಯಾಪಾರಸ್ಥನ ಥರ ಬೆಲೆ ಹೇಳು.”

ಮರುದಿನ ಎದೆ ಸೆಟೆಸಿ ಮಂಡಿಯ ಸಾಹುಕಾರರ ಮುಂದೆ ನಿಂತೆ. “ಸ್ವಾಮಿ, ಇವತ್ತಿಂದ ನಾನೊಂದು ಅಂಗಡಿ. ಮಾಲಿನ ಬೆಲೆ ತಿಂಗಳಿಗೆ ಹದಿನೈದು.”

“ಭೇಷ್! ಮೊದ್ಲು ಮಾದರಿ ತೋರ್ಸಪ್ಪಾ. ಗಾಡಿ ಕಾಯಿ ಕೊಳ್ಳೋಕ್ ಮುಂಚೆ ನಾಲ್ಕು ಪುಕ್ಕಟೆ ಒಡೆದು ನೋಡಲ್ವಾ?”

ಒಂದು ವಾರ ಪುಕ್ಕಟೆ ದುಡಿದೆ. “ಮಾದರಿ ಬಹಳ ಚೆನ್ನಾಗಿದೆ, ಇನ್ನೊಂದು ವಾರ ತೋರ್ಸು” ಎಂದರು.

೨. ಸುಳಿ

ಅಂಗಡಿ ಎಂದಮೇಲೆ ಬೇರೆ ಗಿರಾಕಿಯೂ ಬೇಕಲ್ಲ. ಅಜ್ಜಂಪುರದಲ್ಲಿ ಹತ್ತಿಯ ಜೊತೆಗೆ ಎತ್ತಿನ ವ್ಯಾಪಾರವನ್ನೂ ಮಾಡುತ್ತಿದ್ದ ಗೌಡರೊಬ್ಬರ ಮುಂದೆ ಅದೇ ಪಾಠ ಒಪ್ಪಿಸಿದೆ. ಅವರು ನನ್ನನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿದರು. ಬಾಯಿ ತೆರೆಸಿ ಹಲ್ಲು ನೋಡಿದರು. ಕೊನೆಗೆ ಪೇಟ ತೆಗೆಸಿ, ಎತ್ತಿನ ಸುಳಿ ನೋಡುವಂತೆ ತಲೆ ತಡವಿ, “ಅಯ್ಯೋ, ಎರಡು ಸುಳಿ! ಎಂಟು ರೂಪಾಯಿ ಮೇಲೆ ಒಂದು ಕಾಸೂ ಆಗಲ್ಲ ಕಣ್ರೀ” ಎಂದರು.

ತಲೆಯಲ್ಲಿ ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಕಡೂರು ಸೇರುವಷ್ಟರಲ್ಲಿ ಸುದ್ದಿ ಶಿವನಿ ಸೇರಿತ್ತು.

೩. ವಲ್ಲಿಯ ಕೆಳಗೆ

ಮರುದಿನವೇ ಮಾವನವರು ಮಗಳನ್ನು ಕರೆದುಕೊಂಡು ನೇರ ಮಂಡಿಗೆ ಬಂದರು. ದನದ ವ್ಯಾಪಾರದಲ್ಲಿ ಪಳಗಿದ ಕೈ. ನನ್ನ ಕಡೆ ತಿರುಗಿಯೂ ನೋಡದೆ, ಸಾಹುಕಾರರ ಕೈ ಹಿಡಿದು ಮೇಲೆ ತಮ್ಮ ಹೆಗಲ ವಲ್ಲಿ ಹೊದಿಸಿದರು. ಬಟ್ಟೆಯ ಕೆಳಗೆ ಬೆರಳು ಒತ್ತಿ ಬೆಲೆ ಹೇಳುವುದು ದನದ ವ್ಯಾಪಾರದ ಪದ್ಧತಿ. ವಲ್ಲಿ ಕುಣಿಯುತ್ತಿತ್ತು, ಸಾಹುಕಾರರು ಬೆವರುತ್ತಿದ್ದರು. ಹೆಂಡತಿ ನನ್ನ ನೆತ್ತಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು. 

“ಹದಿನೈದು! ಆಯ್ತು, ಬಿಡ್ರೀ ಕೈಯ!” ಎಂದರು ಸಾಹುಕಾರರು.

“ನಡೀರಿ ಮನೆಗೆ” ಎಂದಳು ಹೆಂಡತಿ. ನನಗೆ ಕುಣಿಯುವಷ್ಟು ಖುಷಿಯಾಯಿತು.

ತಿಂಗಳ ಕೊನೆಗೆ ಸಂಬಳಕ್ಕೆ ಕೈ ಚಾಚಿದೆ. ಆ ದಿನ ಮಾವನವರೂ ಬಂದಿದ್ದರು. ಸಾಹುಕಾರರು ಹದಿನೈದು ರೂಪಾಯಿಯನ್ನೂ ಅವರ ಕೈಗೇ ಎಣಿಸಿಕೊಟ್ಟರು.

“ಸ್ವಾಮಿ, ದುಡಿದವನು ನಾನು!” ಎಂದೆ.

“ಬೆಲೆ ಮಾತಾಡಿದ್ದು ಅವ್ರಲ್ವಾ? ಎತ್ತು ಮಾರಿದ ದುಡ್ಡನ್ನ ಎತ್ತಿನ ಕೈಗೆ ಯಾರಾದ್ರೂ ಕೊಡ್ತಾರೇನಪ್ಪಾ?”