ಮಾವನ ಗಾಳಕ್ಕೆ ಕಾರ್ಕಿನ ಹಿಡಿ

ಕೈಯಿಂದ ಮಾಡುವ ಕೆಲಸ ಯಾವುದೇ ಇರಲಿ, ಒಂದು ಸಲ ನೋಡಿದರೆ ಸಾಕು, ನನಗೆ ಬಂದುಬಿಡುತ್ತದೆ. ಹಿರಿಯೂರಿನ ನಮ್ಮ ಮನೆಯಲ್ಲಿ ಈ ಮಾತನ್ನು ನಾನು ಆಗಾಗ ಹೇಳುತ್ತಿರುತ್ತೇನೆ. ಆಗೆಲ್ಲ ನನ್ನ ಹೆಂಡತಿ ರತ್ನ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಹರಿಯಬ್ಬೆಯಲ್ಲಿರುವ ನನ್ನ ಮಾವನಿಗೂ ಈ ವಿಷಯದಲ್ಲಿ ನಂಬಿಕೆಯಿಲ್ಲ. ಅವರು ಕುರಿ ಸಾಕಿದವರು, ಕಂಬಳಿ ನೇಯ್ದವರು. ನಾನು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಮದುವೆಯಾದ ಹೊಸದರಲ್ಲಿ ಅವರ ಕುರಿಹಟ್ಟಿಯ ಬಾಗಿಲು ರಿಪೇರಿ ಮಾಡಿಕೊಟ್ಟಿದ್ದೆ. ಆ ಬಾಗಿಲು ಆಮೇಲೆ ತೆರೆಯಲೇ ಇಲ್ಲ! ಬೇಲಿ ಕಿತ್ತು ಕುರಿಗಳನ್ನು ಹೊರಗೆ ತೆಗೆದರು. ಅಂದಿನಿಂದ ಹನ್ನೆರಡು ವರ್ಷ, ಆ ಮನೆಯಲ್ಲಿ ನನ್ನ ಕೈಗೆ ಒಂದು ಸುತ್ತಿಗೆಯನ್ನೂ ಕೊಟ್ಟವರಿಲ್ಲ. ಎದ್ದರೆ ಸಾಕು, "ಅಳಿಯಂದ್ರೇ, ನೀವು ಕುಂತ್ಕಳ್ರಿ" ಎನ್ನುತ್ತಾರೆ. ಎಂಥ ಮರ್ಯಾದೆ!

ಹೀಗಿರುವಾಗ ಒಂದು ಭಾನುವಾರ ರತ್ನಳೊಂದಿಗೆ ಹರಿಯಬ್ಬೆಗೆ ಹೋದಾಗ, ಮಾವನ ಗಾಳದ ಕೋಲಿನ ಹಿಡಿ ಹಾಳಾದದ್ದು ನನ್ನ ಕಣ್ಣಿಗೆ ಬಿತ್ತು. ಒಳ್ಳೆಯ ಬಿದಿರು ಕೋಲು, ಹಿಡಿಯ ಜಾಗಕ್ಕೆ ಮಾತ್ರ ಹರಕು ಪಂಚೆಯ ಸುತ್ತು. ಕಾರ್ಕು ಮತ್ತು ಮರದ ಬಿಲ್ಲೆಗಳನ್ನು ಒಂದಾದ ಮೇಲೊಂದು ಅಂಟಿಸಿ ಚಂದದ ಹಿಡಿ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಒಂದೇ ಸಲ. ಸಾಕಲ್ಲ!

"ಮುಂದಿನ ಭಾನುವಾರದೊಳಗೆ ಹೊಸಾ ಹಿಡಿ ಹಾಕ್ಕೊಡ್ತೀನಿ, ಕೊಡ್ರಿ ಮಾವ" ಎಂದೆ.

ಮಾವ ನನ್ನನ್ನು ನೋಡಿದರು, ಕೋಲನ್ನು ನೋಡಿದರು, ಮಗಳನ್ನು ನೋಡಿದರು. "ಇದು ನಮ್ಮಪ್ಪನ ಕಾಲದ್ದು. ತಗಂಡೋಗ್ರಿ. ಆದ್ರೆ ಇದು ಕೆಟ್ರೆ, ಇನ್ಮ್ಯಾಲೆ ಕುಂತ್ಕಳ್ರಿ ಅಂತಾನೂ ಅನ್ನಲ್ಲ ನಾನು" ಎಂದರು.

ಹನ್ನೆರಡು ವರ್ಷಗಳ ಕಳಂಕ ತೊಳೆದುಕೊಳ್ಳಲು ಒಂದು ವಾರ ಸಿಕ್ಕಿತು. ಶಾಲೆಯಲ್ಲಿ ಮೂಲೆಗೆ ಬಿಸಾಡಿದ್ದ ಹಳೆಯ ನೋಟಿಸ್ ಬೋರ್ಡಿನ ಕಾರ್ಕನ್ನು ಹೆಡ್‌ಮೇಷ್ಟ್ರನ್ನು ಕೇಳಿ ತಂದೆ. ದುಂಡಗೆ ಕತ್ತರಿಸಿ, ನಡುವೆ ತೂತು ಕೊರೆದೆ. ಮರದ ಬಿಲ್ಲೆಗೆ ಒಳ್ಳೆಯ ಹಳೆಯ ಮರ ಬೇಕಿತ್ತು. ಅದೂ ಮನೆಯಲ್ಲೇ ಸಿಕ್ಕಿತು.

"ಏನ್ರಿ, ಲಟ್ಟಣಿಗೆ ಎಲ್ಲೈತೆ?" ಎಂದು ರತ್ನ ಕೂಗಿದಳು.

"ನಿಮ್ಮಪ್ಪನ ಕೋಲಿನಾಗೆ."

"ಅಯ್ಯೋ! ನಮ್ಮಮ್ಮ ಕೊಟ್ಟಿದ್ದು ಕಣ್ರಿ ಅದು!"

"ನಿಮ್ಮಮ್ಮಂದು ನಿಮ್ಮಪ್ಪಂಗೆ ಹೋತು. ಮನೆಯೊಳಗೇ ಉಳೀತಲ್ಲ, ಬಿಡು."

ಅಂದು ಸಂಜೆ ಚಪಾತಿ ಇರಲಿಲ್ಲ. ಆಮೇಲೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅಂಟಿಸುವ ಶುಭಕಾರ್ಯಕ್ಕೆ ಕುಳಿತೆ. ಎರಡು ಟ್ಯೂಬಿನ ಅಂಟು ತಂದಿದ್ದೆ. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ರಸ. ಎರಡನ್ನೂ ಬೆರೆಸಿದ ಐದು ನಿಮಿಷದೊಳಗೆ ಹಚ್ಚಿ ಮುಗಿಸಬೇಕೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು. ನಾನು ಅದನ್ನು ಓದಿದೆ. ಬೆರೆಸಿ, ಕಾಫಿ ಕುಡಿದು ಬಂದ ಮೇಲೆ! ಅಷ್ಟರಲ್ಲಿ ಚಮಚ ಬಟ್ಟಲಿನ ನಡುವೆ ನೆಟ್ಟಗೆ ನಿಂತಿತ್ತು. ಎಳೆದೆ. ಬಟ್ಟಲೂ ಜೊತೆಗೆ ಬಂತು.

ಇನ್ನೊಂದು ಡಬ್ಬಿ ತರೋಣವೆಂದರೆ ಅಂಗಡಿಯವನು ಬಾಗಿಲು ಹಾಕಿ ಮದುವೆಗೆ ಹೋಗಿದ್ದ. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಮಾವನ ಮನೆಯಲ್ಲಿ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಬೀಜ ಹುರಿದು, ನೆನೆಸಿ, ರುಬ್ಬಿ, ಕುದಿಸಿದರೆ ಮಂದವಾದ ಅಂಟು ಬರುತ್ತದೆ. ಅದನ್ನು ಹಚ್ಚಿದ ಕಂಬಳಿ ಹಲಗೆಯಂತೆ ನಿಲ್ಲುತ್ತದೆ. ಕಂಬಳಿಗೆ ಆಗುವುದು ಕಾರ್ಕಿಗೆ ಏಕಾಗಬಾರದು? ಇದು ವಿಜ್ಞಾನ! ರತ್ನಳ ಡಬ್ಬದಲ್ಲಿ ತವರಿನಿಂದ ಬಂದ ಬೀಜವೂ ಇತ್ತು.

"ಏನ್ರಿ, ಕಂಬಳಿ ಏನು ಕೆರೆಯಾಗೆ ಈಜಾಡುತ್ತಾ?" ಎಂದಳು ರತ್ನ.

"ಮೇಷ್ಟ್ರು ನಾನಾ, ನೀನಾ?" ಎಂದೆ.

ಗಂಜಿ ಧಾರಾಳವಾಗಿ ಬಳಿದು, ಬಿಲ್ಲೆಗಳನ್ನು ಕೋಲಿಗೆ ಏರಿಸಿ, ಬಿಗಿಯಾಗಿ ಹಗ್ಗ ಕಟ್ಟಿಟ್ಟೆ. ಭಾನುವಾರ ಬೆಳಿಗ್ಗೆ ಹಗ್ಗ ಬಿಚ್ಚಿ ಉಜ್ಜಿದರೆ, ಆಹಾ! ಒಂದು ಕಾರ್ಕು, ಒಂದು ಲಟ್ಟಣಿಗೆ, ಒಂದು ಕಾರ್ಕು, ಒಂದು ಲಟ್ಟಣಿಗೆ. ರತ್ನಳೂ ಎರಡು ಸಲ ನೋಡಿದಳು.

ಅವಳನ್ನೂ ಕರೆದುಕೊಂಡು ಹೊರಟೆ. ಹರಿಯಬ್ಬೆಯ ಕೆರೆಯ ದಂಡೆಯಲ್ಲಿ ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಪರವಾಗಿಲ್ಲ ಕಣ್ರಿ ಅಳಿಯಂದ್ರೇ! ಕೈಗೆ ಬೋ ಹಿತವಾಗೈತೆ" ಎಂದರು. ನನ್ನ ಕಣ್ಣು ಒದ್ದೆಯಾಯಿತು. ಹನ್ನೆರಡು ವರ್ಷವಾಗಿತ್ತಲ್ಲ!

"ಬರ್ರಿ, ಹೊಸಾ ಸಾಮಾನು, ಮೊದ್ಲು ಗಂಗಮ್ಮಂಗೆ ಒಪ್ಪಿಸಾಣ" ಎಂದರು ಮಾವ. ಹೊಸದೇನು ತಂದರೂ ಅವರು ಅದನ್ನು ಕೆರೆಯಲ್ಲಿ ಪೂರ್ತಿ ಮುಳುಗಿಸಿ ಕೈಮುಗಿಯುತ್ತಾರೆ. ನಾನು ಇದನ್ನು ಎಷ್ಟೋ ಸಲ ಕಂಡಿದ್ದೆ. ಗಂಜಿ ಬಳಿಯುವಾಗ ಮಾತ್ರ ನೆನಪಾಗಿರಲಿಲ್ಲ.

ಕೋಲು ಮುಳುಗಿತು. ಮಾವನದು ಚಿಕ್ಕ ಪ್ರಾರ್ಥನೆಯಲ್ಲ. ಹೆಂಡತಿ, ಮಕ್ಕಳು, ಕುರಿಗಳು, ಕೊನೆಯಲ್ಲಿ ಅಳಿಯನ ಹೆಸರೂ ಬಂತು. ಮೇಲೆತ್ತಿ ಗಾಳ ಬೀಸಿದರು. ಕೋಲು ಅವರ ಕೈಯಲ್ಲೇ ಉಳಿಯಿತು. ಹಿಡಿ ಮಾತ್ರ ಬುಡದಿಂದ ಜಾರಿ ಬುಳುಬುಳು ನೀರಿಗೆ ಬಿತ್ತು! ಬಿಲ್ಲೆಗಳೆಲ್ಲ ಬಿಡಿಬಿಡಿಯಾಗಿ ತೇಲಿದವು. ಮಾವನ ಅಂಗೈಯಿಂದ ಗಂಜಿ ಸೋರುತ್ತಿತ್ತು.

"ಇದೇನ್ರಿ, ಹುಣಸೆಬೀಜದ ಗಂಜಿ?" ಎಂದು ಮೂಸಿ ನೋಡಿದರು. ನೇಯ್ದವರಲ್ಲವೇ, ಮೂಗಿಗೇ ಗೊತ್ತಾಯಿತು. ಭೂಮಿ ಬಾಯಿಬಿಡಲಿ ಎಂದು ಕಾದೆ. ಬಿಡಲಿಲ್ಲ.

ಬಾಯಿಬಿಟ್ಟದ್ದು ಗೆಂಡೆ ಮೀನು! ಒಂದು ಬಿಲ್ಲೆಯ ಪಕ್ಕ ನೀರು ಬುಗ್ಗೆಂದಿತು. ಇನ್ನೊಂದರ ಪಕ್ಕವೂ. ಗಂಜಿಯ ರುಚಿಗೆ ಕೆರೆಯ ಗೆಂಡೆಗಳೆಲ್ಲ ನನ್ನ ಹಿಡಿಗೆ ಮುತ್ತಿದವು. "ಲೇ ರತ್ನಾ, ಚೀಲ ತಾರವ್ವ!" ಎಂದು ಮಾವ ಬರೀ ಬಿದಿರಲ್ಲೇ ಗಾಳ ಎಸೆದರು. ಒಂದು, ಎರಡು, ಮೂರು! ಮೂರನೆಯದನ್ನು ನಾವಿಬ್ಬರೂ ಸೇರಿ ಎಳೆಯಬೇಕಾಯಿತು. ದಂಡೆಯಲ್ಲಿದ್ದವರೆಲ್ಲ ಬಂದು ನಿಂತರು. "ನಮ್ಮ ಅಳಿಯಂದ್ರ ಕೈಚಳಕ ಕಣ್ರಪ್ಪ!" ಎಂದು ಮಾವ ಕೂಗಿ ಹೇಳಿದರು. ನಾನು ಎದೆಯುಬ್ಬಿಸಿ ನಿಂತೆ. ಯಾರೂ ಕುಂತ್ಕಳ್ರಿ ಎನ್ನಲಿಲ್ಲ!

ಮನೆಗೆ ಹೊರಡುವಾಗ ಮಾವ ನನ್ನ ಹೆಗಲ ಮೇಲೆ ಕೈಯಿಟ್ಟರು. "ಅಳಿಯಂದ್ರೇ, ಬರೋ ಭಾನುವಾರಕ್ಕೆ ಇನ್ನೊಂದು ಹಿಡಿ ಮಾಡ್ಕಂಡ್ ಬರ್ರಿ."

"ಖಂಡಿತ ಮಾವ! ಈ ಸಲ ಗಟ್ಟಿ ಅಂಟು ಹಾಕಿ…"

"ಬ್ಯಾಡ, ಬ್ಯಾಡ! ಅದೇ ಗಂಜಿ ಹಾಕ್ರಿ. ಕೋಲಿಗೆ ಏರಿಸಬ್ಯಾಡ್ರಿ, ನೇರವಾಗಿ ಕೆರೆಗೇ ಹಾಕಾಣ."

ಅವರು ಕೋಲಿಗೆ ಮತ್ತೆ ಹರಕು ಪಂಚೆ ಸುತ್ತಿಕೊಂಡಿದ್ದಾರೆ. ನಾನು ಪ್ರತಿ ಶನಿವಾರ ಶ್ರದ್ಧೆಯಿಂದ ಹಿಡಿ ಮಾಡುತ್ತೇನೆ. ಸೋಮವಾರ ಎಂಟನೇ ತರಗತಿಗೆ, ನೀರಿನಲ್ಲಿ ಯಾವ ವಸ್ತು ಕರಗುತ್ತದೆ, ಯಾವುದು ಕರಗುವುದಿಲ್ಲ ಎಂಬ ಪಾಠವನ್ನೂ ಮಾಡುತ್ತೇನೆ.