ಗೌರಿಹಬ್ಬಕ್ಕೆ ಹಿಂದಿನ ಎರಡು ಟೈರು

ಆಸೆಗಳಿಗೆ ಹೊತ್ತುಗೊತ್ತು ಇರುವುದಿಲ್ಲ. ಬರಬೇಕಾದ ವಯಸ್ಸಿನಲ್ಲಿ ಬರದೆ, ಮಂಡಿನೋವಿನ ಜೊತೆಯಲ್ಲಿ ಬಂದು ಕೂತುಬಿಡುತ್ತವೆ. ಐವತ್ತು ದಾಟಿದ ಹೆಂಗಸಿಗೆ ಕಾಶಿಗೆ ಹೋಗುವ ಆಸೆ ಬಂದರೆ ಮನೆಯವರು ಟಿಕೆಟ್ ನೋಡುತ್ತಾರೆ. ಬಂಗಾರದ ಬಳೆಯ ಆಸೆ ಬಂದರೆ ಗಂಡ ಕೇಳಿಸದವರಂತೆ ಪೇಪರ್ ತಿರುವಿಹಾಕುತ್ತಾರೆ. ಎರಡಕ್ಕೂ ಒಂದು ರೂಢಿ ಇದೆ. ನನ್ನ ಆಸೆಗೆ ಅಂಥ ರೂಢಿಯೇ ಇರಲಿಲ್ಲ. ನನಗೆ ಕ್ವಾಡ್ ಬೈಕಿನ ಹಿಂದಿನ ಎರಡು ಟೈರು ಬೇಕಾಗಿತ್ತು.

ಕ್ವಾಡ್ ಬೈಕ್ ಎಂದರೆ ಬೈಕಿನದೇ ಹ್ಯಾಂಡಲ್ಲು, ಬೈಕಿನದೇ ಸೀಟು, ಆದರೆ ನಾಲ್ಕು ದಪ್ಪ ಚಕ್ರ. ರೆಸಾರ್ಟುಗಳಲ್ಲಿ ತಲೆಗೆ ಹೆಲ್ಮೆಟ್ ಸಿಕ್ಕಿಸಿ ಎರಡು ಸುತ್ತು ಹೊಡೆಸುತ್ತಾರಲ್ಲ, ಅದೇ. ಕನಕಪುರ ರಸ್ತೆಯಲ್ಲಿ ಬಾಗಿಲು ಹಾಕಿದ ಒಂದು ರೆಸಾರ್ಟಿನಿಂದ ನನ್ನ ತಮ್ಮ ಮಂಜು ಹುಮ್ಮಸ್ಸಿನಲ್ಲಿ ಅದನ್ನು ತಂದ. ಸ್ಪೋರ್ಟ್ ಮಾದರಿಯಂತೆ, ಓಟಕ್ಕೆಂದೇ ಮಾಡಿದ್ದು. ತಂದ ಮೇಲೆ ತಿಳಿಯಿತು, ಅದಕ್ಕೆ ನಂಬರ್ ಪ್ಲೇಟ್ ಸಿಗುವುದಿಲ್ಲ, ರಸ್ತೆಗಿಳಿಸಿದರೆ ಪೊಲೀಸರು ಹಿಡಿಯುತ್ತಾರೆ ಎಂದು. ಅಂದಿನಿಂದ ಅದು ಕತ್ರಿಗುಪ್ಪೆಯಲ್ಲಿ ಅವನು ಕಟ್ಟಿಸಿರುವ ಬಾಡಿಗೆ ಮನೆಗಳ ಕೆಳಗೆ ಸ್ಕೂಟರುಗಳ ನಡುವೆ ನಿಂತಿದೆ. ಬಾಡಿಗೆದಾರರು ಅದರ ಹ್ಯಾಂಡಲ್ಲಿನ ಮೇಲೆ ಕಾಲೊರಸು ಒಣಹಾಕುತ್ತಾರೆ. ಹೋದ ಯುಗಾದಿಗೆ ತವರಿಗೆ ಹೋದಾಗ ಒಂದು ಕಾಲೊರಸನ್ನು ಪಕ್ಕಕ್ಕೆ ಸರಿಸಿ ನಾನು ಸುಮ್ಮನೆ ಹತ್ತಿ ಕೂತೆ. ಮಂಜು ತಮಾಷೆಗೆ ಸ್ಟಾರ್ಟ್ ಮಾಡಿಕೊಟ್ಟ. ಕಂಬದಿಂದ ಗೇಟಿನವರೆಗೆ ಹೋದೆ, ಅಷ್ಟೇ. ಸವೆದ ಹಿಂದಿನ ಟೈರುಗಳು ಟೈಲ್ಸಿನ ಮೇಲೆ ಜಾರಿ ಗಾಡಿ ಗೇಟಿಗೆ ಗುದ್ದಿತು. ಗೇಟು ಆಮೇಲೆ ರಿಪೇರಿಯಾಗಿ ನೆಟ್ಟಗಾಯಿತು, ನಾನು ಆಗಲಿಲ್ಲ.

ಆ ಕಟ್ಟಡ ನಿಂತಿರುವುದು ನಮ್ಮಪ್ಪನ ರಾಗಿ ಹೊಲದ ಮೇಲೆ. ಅಪ್ಪ ಬಾಡಿಗೆ ಟ್ರಾಕ್ಟರ್ ತರಿಸಿ ಉಳುವ ದಿನ ಮಂಜು ಮಡ್‌ಗಾರ್ಡ್ ಮೇಲೆ ಕೂತು ಇಡೀ ಹೊಲ ಸುತ್ತುತ್ತಿದ್ದ. ನಾನೂ ತಂಗಿ ಸರಳನೂ ಬುತ್ತಿ ಹೊತ್ತುಕೊಂಡು ಹೋಗಿ ಬದುವಿನ ಮೇಲೆ ನಿಲ್ಲುತ್ತಿದ್ದೆವು. ಹತ್ತಬೇಡ ಎಂದು ಯಾರೂ ಹೇಳಲಿಲ್ಲ. ಹತ್ತು ಎಂದೂ ಯಾರೂ ಹೇಳಲಿಲ್ಲ. ಆ ಮಣ್ಣಿನ ಮೇಲೆ ಒಂದು ಸಲ, ನನ್ನ ಕೈಯಲ್ಲೇ ಹ್ಯಾಂಡಲ್ ಹಿಡಿದು ಹೋಗಬೇಕು ಎನ್ನುವ ಹಟ ಆ ಗಾಡಿ ಹತ್ತಿದ ಮೇಲೆ ನನ್ನನ್ನು ಹಿಡಿದುಕೊಂಡಿತು.

ಗೌರಿಹಬ್ಬ ಹತ್ತಿರ ಬಂತು. ಪ್ರತಿವರ್ಷ ಮಂಜು ಫೋನ್ ಮಾಡಿ "ಯಾವ ಕಲರ್ ಸೀರೆ ಅಕ್ಕ?" ಎಂದು ಕೇಳುತ್ತಾನೆ. ಈ ಸಲ ನಾನು ಹೇಳಿದೆ: "ಸೀರೆ ಬೇಡ ಕಣೋ. ಆ ಗಾಡಿಗೆ ಹಿಂದಿನ ಎರಡು ಟೈರು ಹಾಕಿಸ್ಕೊಡು. ನಾನೇ ಹೋಗಿ ಆರಿಸ್ತೀನಿ." ಸ್ಪೀಕರ್ ಹಾಕಿದ್ದ ಅಂತ ಕಾಣುತ್ತದೆ, ಅವನ ಹೆಂಡತಿ ಲತಾ ಮೆಲ್ಲಗೆ "ಅಕ್ಕಾ, ಟೈರಿಗೆ ಬ್ಲೌಸ್ ಪೀಸ್ ಇಡ್ಬೇಕಾ?" ಅಂದಳು.

ಸರಿ, ನಮ್ಮ ಯಜಮಾನರನ್ನು ಕರೆದುಕೊಂಡು ಬನಶಂಕರಿಯ ಒಂದು ಟೈರ್ ಅಂಗಡಿಗೆ ಹೋದೆ. ಗದಗದ ಕಡೆಯ ಹುಡುಗನೊಬ್ಬ ವ್ಯಾಪಾರ ಮಾಡುತ್ತಿದ್ದ. "ಮಗಗೇನ್ರೀ ಮೇಡಂ?" ಎಂದ. "ಅಲ್ಲಪ್ಪ, ನನಗೆ" ಎಂದೆ. ಅವನು ನಮ್ಮವರ ಮುಖ ನೋಡಿದ. ನಮ್ಮವರು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದರು. ನನಗೆ ಆರಿಸಿ ಗೊತ್ತಿರುವುದು ಸೀರೆಯೊಂದೇ. ಹಾಗಾಗಿ ಅದೇ ವಿದ್ಯೆ ಉಪಯೋಗಿಸಿದೆ: ಕುರ್ಚಿ ಎಳೆದುಕೊಂಡು ಕೂತು ಒಂದೊಂದನ್ನೇ ಇಳಿಸಿ ತೋರಿಸಲು ಹೇಳಿದೆ, ಅಂಚು ಮುಟ್ಟಿ ನೋಡಿದೆ, ಹೊರಗೆ ಬಿಸಿಲಿಗೆ ತರಿಸಿದೆ, "ಇದೇ ಡಿಸೈನ್‌ನಲ್ಲಿ ಇನ್ನೂ ಸ್ವಲ್ಪ ಸಣ್ಣದು ಬರಲ್ವಾ?" ಎಂದು ಕೇಳಿದೆ. ಪಾಪ, ಹುಡುಗ ತಾಳ್ಮೆಯವನು. ಈ ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರಗಳೇ, ಅದಕ್ಕೇ ಅವನ್ನು ನೋಡಿ ಆರಿಸಬೇಕು ಎಂದ. ಆಳವಾದ ಉಬ್ಬಿನ ಟೈರು ಕೆಸರನ್ನು ಕಚ್ಚಿ ಹಿಡಿಯುತ್ತದೆ, ಗಟ್ಟಿ ನೆಲದಲ್ಲಿ ಬೇಗ ಸವೆಯುತ್ತದೆ. ಸಣ್ಣ ಉಬ್ಬಿನದು ಗಟ್ಟಿ ನೆಲಕ್ಕೆ ಸೈ, ಕೆಸರಲ್ಲಿ ಜಾರುತ್ತದೆ. ಎಲ್ಲ ನೆಲಕ್ಕೂ ಆಗುವಂಥದ್ದು ನಡುವಿನದು. ಕೊನೆಗೆ ಕೇಳಿದ: "ನೀವು ಎಂಥಾ ನೆಲದ ಮ್ಯಾಲೆ ಓಡಸ್ತೀರಿ ಮೇಡಂ?"

ಯೋಚಿಸದೆ ಹೇಳಿಬಿಟ್ಟೆ. "ಕೆಂಪು ಮಣ್ಣು. ಮಳೆ ಬಿದ್ರೆ ಕಾಲಿಗೆ ಅಂಟುತ್ತೆ, ಎರಡು ದಿನ ಬಿಸಿಲು ಬಿದ್ರೆ ಗಟ್ಟಿಯಾಗುತ್ತೆ. ಕತ್ರಿಗುಪ್ಪೆಯ ನಮ್ಮ ಹೊಲ."

"ಕತ್ರಿಗುಪ್ಯಾಗ ಹೊಲ ಎಲ್ಲೈತ್ರೀ? ನಾನೂ ಅಲ್ಲೇ ಇರ್ತೀನಿ. ಒಂದು ತುಳಸಿ ಗಿಡ ಹಚ್ಚಾಕ ನರ್ಸರಿಯಿಂದ ಮಣ್ಣು ತಂದೀನ್ರೀ!" ಎಂದು ಅವನು ನಕ್ಕ. ನಾನೂ ನಕ್ಕೆ. ನಕ್ಕು, ಎಲ್ಲ ನೆಲಕ್ಕೂ ಆಗುವ ಜೋಡಿಯನ್ನೇ ತೆಗೆದಿಡಲು ಹೇಳಿದೆ.

ಮನೆಗೆ ಬರುವಷ್ಟರಲ್ಲಿ ಗಿರಿನಗರದಿಂದ ಸರಳನ ಫೋನ್. "ಏನೇ ಅಕ್ಕಾ, ಪಾಲು ಕೇಳ್ತಿದ್ದೀಯಂತೆ? ಕೋರ್ಟಿಗೆ ಹೋಗೋದಾದ್ರೆ ನನ್ನನ್ನೂ ಸೇರಿಸ್ಕೊ." ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅರ್ಥವಾಯಿತು. ನಮ್ಮ ಜನದಲ್ಲಿ ಹೆಣ್ಣುಮಗಳು ತವರಿನ ಸೀರೆ ಬೇಡ ಎಂದಳೆಂದರೆ ಮುಂದಿನ ಮಾತು ಜಮೀನಿನದೇ. ಹೊಲ ಸೈಟುಗಳಾದಾಗ ನಾವಿಬ್ಬರೂ ಹಕ್ಕು ಬಿಟ್ಟು ಸಹಿ ಹಾಕಿದ್ದೆವು. ಯಾರೂ ಬಲವಂತ ಮಾಡಿರಲಿಲ್ಲ. ಪಾಲು ಕೇಳಿದವರಿಗೆ ಪಾಲು ಸಿಗಬಹುದು, ತವರು ಸಿಗುವುದಿಲ್ಲ; ನನಗೆ ತವರು ಬೇಕಾಗಿತ್ತು. ಆದರೆ ಈಗಿನ ಕಾಲದಲ್ಲಿ ಹಳೇ ಸಹಿಗಳೂ ಅಣ್ಣತಮ್ಮಂದಿರ ನಿದ್ದೆ ಕೆಡಿಸುತ್ತವೆ.

ಮರುದಿನವೇ ಮಂಜು ನಮ್ಮ ತ್ಯಾಗರಾಜನಗರದ ಮನೆಗೆ ಬಂದ. ಕೈಯಲ್ಲಿ ಒಂದಲ್ಲ, ಎರಡು ಸೀರೆ. ಮೇಲೆ ಮಲ್ಲಿಗೆ, ಮೈಸೂರುಪಾಕು. ಕಾಫಿ ಕುಡಿಯದೆ ಆರಲು ಬಿಟ್ಟು ಕೂತಿದ್ದ. "ಅಕ್ಕಾ, ಮನಸ್ಸಲ್ಲಿ ಏನಾದ್ರೂ ಇದ್ರೆ ನನ್ ಹತ್ರ ಹೇಳ್ಬಿಡು. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡ್ಬೇಡ."

"ಟೈರು ಇದೆ" ಎಂದೆ.

"ಅದಾದ್ಮೇಲೆ?"

"ಅದಾದ್ಮೇಲೆ ಒಂದು ರೌಂಡು ಹೊಡೀಬೇಕು. ಮಣ್ಣಲ್ಲಿ. ಅಪ್ಪನ ಮಣ್ಣಲ್ಲಿ."

ಅವನು ನನ್ನನ್ನೇ ನೋಡಿದ. ನಿಜಕ್ಕೂ ಅಷ್ಟೇ ಎಂದು ನಂಬಲು ಅವನಿಗೆ ಮತ್ತೊಂದು ಲೋಟ ಕಾಫಿ ಬೇಕಾಯಿತು.

ಹಬ್ಬದ ದಿನ, ಮಂಜು ಹಾಕಿಸಿಟ್ಟಿದ್ದ ಹೊಸ ಟೈರುಗಳಿಗೆ ಅರಿಶಿನ ಕುಂಕುಮ ಇಟ್ಟು ಲತಾ ಮೇಲೆ ಬ್ಲೌಸ್ ಪೀಸನ್ನೂ ಇಟ್ಟಳು. ಮಂಜುವಿನ ಮನೆಯ ಹಿಂದಿನ ಬೀದಿಯಲ್ಲಿ ಆ ಹೊಲದಲ್ಲೇ ಉಳಿದ ಒಂದು ಖಾಲಿ ಸೈಟಿದೆ. ಕಟ್ಟಡಕ್ಕೆ ಪ್ಲಾನು ರೆಡಿಯಾಗಿದೆ. ರಸ್ತೆಯಲ್ಲಿ ಓಡಿಸುವಂತಿಲ್ಲವಲ್ಲ, ಗಾಡಿಯನ್ನು ತಳ್ಳಿಕೊಂಡೇ ಹೋದೆವು. ಮಂಜು ಬೀಗ ತೆಗೆದ. ಹಿಂದಿನ ದಿನ ಮಳೆಯಾಗಿತ್ತು. ನಾನು ಸೆರಗು ಸಿಕ್ಕಿಸಿ ಹತ್ತಿದೆ. ಪಾರ್ಥೇನಿಯಂ ಗಿಡಗಳನ್ನು ಮುರಿದುಕೊಂಡು ಗಾಡಿ ನುಗ್ಗಿತು. ಹಿಂದಿನ ಟೈರುಗಳು ನೆಲ ಕಚ್ಚಿ ತಳ್ಳುವುದು ಬೆನ್ನುಮೂಳೆಗೆ ತಿಳಿಯಿತು. ಸೈಟು ಎಷ್ಟು ಚಿಕ್ಕದೆಂದರೆ ಸಂತೋಷ ಶುರುವಾಗುವ ಮೊದಲೇ ತಿರುವು ಬರುತ್ತಿತ್ತು. ಆದರೂ ಸುತ್ತಿದೆ, ಮತ್ತೆ ಸುತ್ತಿದೆ, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಹಿಂದೆ ನಿಂತಿದ್ದ ಮಂಜುವಿನ ಹಬ್ಬದ ಬಿಳಿ ಪಂಚೆಯ ತುಂಬ ಕೆಂಪು ಕೆಸರು.

ಗಾಡಿ ನಿಲ್ಲಿಸಿದಾಗ ಅವನು ಹತ್ತಿರ ಬಂದ. ಮುಖದಲ್ಲಿ ನಗುವೂ ಅಲ್ಲ, ಅಳುವೂ ಅಲ್ಲ. "ಅಕ್ಕಾ, ಬೇಕಾದ್ರೆ ಈ ಸೈಟು..." ಎಂದು ಶುರುಮಾಡಿದ.

"ಸುಮ್ನಿರೋ! ಮೊದ್ಲು ಹೋಗಿ ಪಂಚೆ ಬದಲಾಯ್ಸು" ಎಂದು ಗದರಿಬಿಟ್ಟೆ. ಅವನು ಪಂಚೆ ಎತ್ತಿಕಟ್ಟಿಕೊಂಡು ಮನೆಯ ಕಡೆ ಹೊರಟ. ಲತಾ ದೊಡ್ಡದೊಂದು ಉಸಿರು ಬಿಟ್ಟಳು.

ಎಲ್ಲ ನೆಲಕ್ಕೂ ಆಗುವ ಟೈರನ್ನು ಆರಿಸಲು ಅರ್ಧ ದಿನ ತೆಗೆದುಕೊಂಡವಳು, ನೆಲವೇ ಬಾಯಿಬಿಟ್ಟು ಕರೆದಾಗ ಒಂದು ವಾಕ್ಯ ಮುಗಿಯಲು ಬಿಡಲಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ನಮ್ಮವರು "ಅವನು ಏನು ಹೇಳ್ತಿದ್ದ, ಪೂರ್ತಿ ಕೇಳ್ಬೇಕಿತ್ತು" ಎಂದರು. "ತವರಿನ ಮಾತು, ನಿಮಗೆ ಗೊತ್ತಾಗಲ್ಲ" ಎಂದು ಬಾಯಿ ಮುಚ್ಚಿಸಿದೆ. ಬೇಕಾದ್ರೆ ಈ ಸೈಟು ನಿನಗೇ ಇರಲಿ ಎನ್ನುತ್ತಿದ್ದನೋ, ಬೇಕಾದ್ರೆ ಈ ಸೈಟು ಅಗೆಯುವವರೆಗೆ ಬಂದು ಹೋಗುತ್ತಿರು ಎನ್ನುತ್ತಿದ್ದನೋ! ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಮಳೆ, ಬಾಡಿಗೆದಾರರು, ಮಕ್ಕಳ ಪರೀಕ್ಷೆ ಎಲ್ಲ ಮಾತಾಡುತ್ತಾನೆ, ಸೈಟಿನ ಮಾತೊಂದನ್ನು ಬಿಟ್ಟು. ನಾನು ಈಗೀಗ ನಡುವೆ ಬಾಯಿ ಹಾಕುವುದನ್ನು ಪೂರ್ತಿ ಬಿಟ್ಟಿದ್ದೇನೆ. ತಮ್ಮನ ಮೇಲೆ ಅಕ್ಕನಿಗೆ ಎಷ್ಟು ಗೌರವ ನೋಡಿ ಎಂದು ಲತಾ ಎಲ್ಲರ ಹತ್ತಿರ ಹೊಗಳುತ್ತಿದ್ದಾಳಂತೆ.